ಇ-ಬೈಕಿನ ಹ್ಯಾಂಡಲ್‌ಬಾರ್: ಹೆಬ್ಬೆರಳಿಗೆ ಮೊದಲ ಜಾಗ, ಮೊಬೈಲಿಗೆ ಕೊನೆಯ ಜಾಗ

ಎಲೆಕ್ಟ್ರಿಕ್ ಸೈಕಲ್ ಕೊಳ್ಳುವವರು ಬ್ಯಾಟರಿಯ ಬಗ್ಗೆ ಕೇಳುತ್ತಾರೆ, ಮೋಟಾರಿನ ಬಗ್ಗೆ ಕೇಳುತ್ತಾರೆ. ಹ್ಯಾಂಡಲ್‌ಬಾರಿನ ಬಗ್ಗೆ ಕೇಳುವವರನ್ನು ನಾನು ನೋಡಿಯೇ ಇಲ್ಲ. ಸವಾರಿಯ ಅಷ್ಟೂ ಹೊತ್ತು ಕೈ ಇರುವುದು ಅಲ್ಲಿ. ಸಾಮಾನ್ಯ ಸೈಕಲಿನಲ್ಲಿ ಎರಡು ಬ್ರೇಕು, ಗೇರು, ಒಂದು ಬೆಲ್ ಇದ್ದರೆ ಮುಗಿಯಿತು. ನನ್ನದರಲ್ಲಿ ಇವುಗಳ ಜೊತೆಗೆ ನಡುವೆ ಡಿಸ್‌ಪ್ಲೇ, ಎಡಗಡೆ ಅದರ ಗುಂಡಿಗಳು, ಪೆಡಲ್ ತುಳಿಯದೆಯೇ ಮೋಟಾರ್ ಓಡಿಸಲು ಹೆಬ್ಬೆರಳಿನಿಂದ ಒತ್ತುವ ಥ್ರಾಟಲ್, ಎರಡೂ ಬ್ರೇಕ್ ಲಿವರ್‌ಗಳಿಂದ ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರಿಗೆ ಹೋಗುವ ತಂತಿಗಳು. ಇಷ್ಟು ಸೈಕಲಿನ ಜೊತೆಗೇ ಬಂದವು. ಮೊಬೈಲ್ ಹೋಲ್ಡರ್, ಕನ್ನಡಿ, ಇನ್ನೊಂದು ಮುಂದೀಪ ನಾನು ಸೇರಿಸಿದವು.

ಇವನ್ನೆಲ್ಲ ಎಲ್ಲಿಡುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ಎಕ್ಸ್‌ಟೆಂಡರ್ ಬಾರ್, ಒಂದು ಮೊಬೈಲ್ ಹೋಲ್ಡರ್, ಗ್ರಿಪ್‌ಗಳು, ಕೇಬಲ್ ಸುತ್ತುವ ಸುರುಳಿ, ಬಾರ್ ತುದಿಯ ಕನ್ನಡಿ ಹೀಗೆ ಒಂದೊಂದಾಗಿ ತಂದು ಹಾಕಿದ್ದೇನೆ. ಯಾವುದು ನಿಂತಿತು, ಯಾವುದನ್ನು ಬಿಚ್ಚಿಟ್ಟೆ ಎಂದು ಹೇಳುವುದಕ್ಕಾಗಿ ಈ ಬರಹ.

ಮೊದಲು ಜಾಗದ ಲೆಕ್ಕ. ನನ್ನ ಬಾರ್ 680 ಮಿಲಿಮೀಟರ್ ಅಗಲ. ಎರಡು ಗ್ರಿಪ್‌ಗಳು ತಲಾ 130 ತಿಂದರೆ ಉಳಿಯುವುದು 420. ಧಾರಾಳ ಎನ್ನಿಸುತ್ತದೆ, ಆದರೆ ಅಲ್ಲ. ಇಂದಿನ ಹೆಚ್ಚಿನ ಬಾರ್‌ಗಳು ಸ್ಟೆಮ್ (ಬಾರನ್ನು ಸೈಕಲಿಗೆ ಜೋಡಿಸುವ ತುಂಡು) ಹಿಡಿಯುವ ನಡುಭಾಗದಲ್ಲಿ 31.8 ಮಿಲಿಮೀಟರ್ ದಪ್ಪ ಇರುತ್ತವೆ, ಗ್ರಿಪ್ ಕೂರುವ ಕಡೆ 22.2. ಈ ಎರಡರ ನಡುವೆ ಕೊಳವೆ ಇಳಿಜಾರಾಗಿ ಸಪೂರಾಗುತ್ತಾ ಹೋಗುತ್ತದೆ, ಜೊತೆಗೆ ಬಾಗುತ್ತದೆ ಕೂಡ. ಆ ಇಳಿಜಾರಿನ ಮೇಲೆ ಯಾವ ಕ್ಲಾಂಪೂ, ಅಂದರೆ ತಿರುಪಿನಿಂದ ಬಿಗಿಯುವ ಯಾವ ಪಟ್ಟಿಯೂ, ನೆಟ್ಟಗೆ ಹಿಡಿಯುವುದಿಲ್ಲ. ಒಂದು ಅಂಚು ಕಚ್ಚಿಕೊಂಡಿರುತ್ತದೆ, ಇನ್ನೊಂದು ಗಾಳಿಯಲ್ಲಿರುತ್ತದೆ, ರಸ್ತೆಯ ನಾಲ್ಕು ಗುಂಡಿ ಹಾರಿದರೆ ಕ್ಲಾಂಪ್ ತಿರುಗಿ ನಿಲ್ಲುತ್ತದೆ. ಹಾಗಾಗಿ ನಿಜವಾಗಿ ಬಳಸಬಹುದಾದ ಜಾಗ ಗ್ರಿಪ್‌ಗಳ ಒಳಬದಿಯ ನೇರ ಭಾಗ, ಮತ್ತು ಸ್ಟೆಮ್ಮಿನ ಅಕ್ಕಪಕ್ಕದ ಎರಡು ಬೆರಳಗಲ. ಏನನ್ನೇ ಕೊಳ್ಳುವ ಮೊದಲು ಕ್ಯಾಲಿಪರ್ ಹಿಡಿದು ಈ ಎರಡು ಅಳತೆಗಳನ್ನು ತೆಗೆದುಕೊಳ್ಳಿ. ಪೆಟ್ಟಿಗೆಯ ಮೇಲೆ ‘ಎಲ್ಲ ಬಾರ್‌ಗಳಿಗೂ ಹೊಂದುತ್ತದೆ’ ಎಂದು ಬರೆದಿದ್ದರೆ ಒಳಗೆ ರಬ್ಬರ್ ಪಟ್ಟಿಗಳ ಒಂದು ಕಟ್ಟು ಇದೆ ಎಂದಷ್ಟೇ ಅರ್ಥ.

ಸೈಕಲ್ ಬಂದ ದಿನ ಎಡಗೈಯ ಕಡೆ ಜೋಡಣೆ ಹೀಗಿತ್ತು: ಗ್ರಿಪ್, ಅದಕ್ಕೆ ಅಂಟಿಕೊಂಡು ಬ್ರೇಕ್ ಲಿವರ್, ಆಮೇಲೆ ಥ್ರಾಟಲ್, ಅದರಾಚೆ ಗುಂಡಿಗಳ ಪಟ್ಟಿ. ಕಾರ್ಖಾನೆಯಲ್ಲಿ ಕೈಗೆ ಸಿಕ್ಕ ಕ್ರಮದಲ್ಲಿ ತೂರಿಸಿದಂತೆ. ನನ್ನ ಕೈ ಚಿಕ್ಕದು. ಥ್ರಾಟಲ್ ಮುಟ್ಟಬೇಕೆಂದರೆ ಅಂಗೈ ಗ್ರಿಪ್ಪಿನಿಂದ ಅರ್ಧ ಎದ್ದೇ ಏಳುತ್ತಿತ್ತು. ಬ್ರೇಕ್ ಲಿವರ್ ಬೆರಳುಗಳಿಗೆ ತೀರಾ ಹತ್ತಿರ ಕೂತದ್ದರಿಂದ ತೋರುಬೆರಳು ಲಿವರಿನ ತುದಿಯನ್ನು ಬಿಟ್ಟು ನಡುಭಾಗವನ್ನು ಹಿಡಿಯುತ್ತಿತ್ತು. ಲಿವರಿನ ಬಲ ಇರುವುದು ಅದರ ತುದಿಯಲ್ಲಿ. ಒಂದೇ ಬೆರಳಿನಲ್ಲಿ ಹಿಡಿದರೆ ಆ ಬೆರಳು ತುದಿಯ ಬಾಗಿನಲ್ಲಿ ಬೀಳುವಂತಿರಬೇಕು. ಅದಕ್ಕೆ ಲಿವರನ್ನು ಒಳಗೆ, ಸ್ಟೆಮ್ಮಿನ ಕಡೆಗೆ ಸರಿಸಬೇಕು. ಸರಿಸಿದಾಗ ಗ್ರಿಪ್ಪಿಗೂ ಲಿವರಿನ ಕ್ಲಾಂಪಿಗೂ ನಡುವೆ ತಾನಾಗಿಯೇ ಒಂದು ಖಾಲಿ ಜಾಗ ಹುಟ್ಟುತ್ತದೆ. ಥ್ರಾಟಲ್ ಹೋಗಬೇಕಾದದ್ದು ಆ ಜಾಗಕ್ಕೆ.

ಈಗ ನನ್ನ ಕ್ರಮ: ಗ್ರಿಪ್, ಥ್ರಾಟಲ್, ಬ್ರೇಕ್ ಲಿವರ್, ಗುಂಡಿಗಳು. ಹೆಬ್ಬೆರಳು ಮಲಗಿದ್ದಲ್ಲಿಂದಲೇ ಥ್ರಾಟಲ್ ಸಿಗುತ್ತದೆ, ತೋರುಬೆರಳು ಬ್ರೇಕಿನ ತುದಿಯ ಮೇಲೇ ಇರುತ್ತದೆ. ಇದಕ್ಕೆ ಬೇಕಾದದ್ದು ಎರಡು ಅಲೆನ್ ಕೀ ಮತ್ತು ಒಂದು ಬಿಡುವಿನ ಸಂಜೆ. ನಾನು ಹ್ಯಾಂಡಲ್‌ಬಾರಿಗೆ ಮಾಡಿದ ಎಲ್ಲ ಬದಲಾವಣೆಗಳಲ್ಲಿ ಅತಿ ಹೆಚ್ಚು ಸುಖ ಕೊಟ್ಟದ್ದು ಒಂದು ವಸ್ತುವನ್ನೂ ಕೊಳ್ಳದೆ ಮಾಡಿದ ಇದೊಂದೇ.

ಇಲ್ಲಿ ಕಣ್ಣಿಟ್ಟು ನೋಡಬೇಕಾದ ಒಂದು ಸಂಗತಿ ಇದೆ. ಥ್ರಾಟಲನ್ನು ಗ್ರಿಪ್ಪಿಗೆ ತಾಗಿಸಿ ಬಿಗಿಯಬೇಡಿ. ಥ್ರಾಟಲಿನ ಸುತ್ತುವ ಭಾಗಕ್ಕೂ ಗ್ರಿಪ್ಪಿನ ಅಂಚಿಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಬಿಡಲೇಬೇಕು. ರಬ್ಬರ್ ಉಜ್ಜಿದರೆ ಒಳಗಿನ ಸಣ್ಣ ಸ್ಪ್ರಿಂಗಿಗೆ ಥ್ರಾಟಲನ್ನು ಹಿಂದಕ್ಕೆ ತರುವ ಶಕ್ತಿ ಸಾಲುವುದಿಲ್ಲ. ಬೆರಳು ತೆಗೆದ ಮೇಲೂ ಥ್ರಾಟಲ್ ಅರ್ಧ ಒತ್ತಿದಂತೆಯೇ ಉಳಿದರೆ ಮೋಟಾರ್ ಓಡುತ್ತಲೇ ಇರುತ್ತದೆ. ಬರಿಯ ರಬ್ಬರ್ ಕೊಳವೆಯಂತಹ ಗ್ರಿಪ್‌ಗಳು ಮಳೆಯಲ್ಲಿ ನೆನೆದರೆ ನಿಧಾನವಾಗಿ ಒಳಗೆ ಜಾರುತ್ತವೆ. ಇಂದು ಇದ್ದ ಸಂದು ಮುಂದಿನ ತಿಂಗಳು ಇರುವುದಿಲ್ಲ. ಆದ್ದರಿಂದ ಥ್ರಾಟಲ್ ಇರುವ ಸೈಕಲಿಗೆ ತಿರುಪಿನ ಬಳೆಯಿಂದ ಬಿಗಿಯುವ ಲಾಕ್-ಆನ್ ಗ್ರಿಪ್ ಬಿಟ್ಟು ಬೇರೆ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಗಿದ ಮೇಲೆ, ಬ್ಯಾಟರಿ ಆರಿಸಿದ್ದಾಗಲೇ, ಥ್ರಾಟಲನ್ನು ಕೊನೆಯವರೆಗೆ ಒತ್ತಿ ಬಿಡಿ. ‘ಟಕ್’ ಎಂದು ಹಿಂದಿರುಗಬೇಕು. ಹ್ಯಾಂಡಲನ್ನು ಎಡತುದಿಗೆ ತಿರುಗಿಸಿ ಒಮ್ಮೆ, ಬಲತುದಿಗೆ ತಿರುಗಿಸಿ ಇನ್ನೊಮ್ಮೆ ಹಾಗೆಯೇ ನೋಡಿ.

ಸ್ಕೂಟರಿನಂತೆ ತಿರುಚುವ ಥ್ರಾಟಲ್ ನನಗೆ ಸೈಕಲಿನಲ್ಲಿ ಒಗ್ಗುವುದಿಲ್ಲ. ಸೈಕಲನ್ನು ನಾವು ಸ್ಕೂಟರಿಗಿಂತ ಹೆಚ್ಚು ಎತ್ತುತ್ತೇವೆ, ಮೆಟ್ಟಿಲ ಬಳಿ ತಿರುಗಿಸುತ್ತೇವೆ, ಗೋಡೆಗೆ ಒರಗಿಸುತ್ತೇವೆ. ಆಗೆಲ್ಲ ಕೈ ಹಿಡಿಯುವುದು ಗ್ರಿಪ್ಪನ್ನೇ. ಮೋಟಾರ್ ಚಾಲೂ ಇದ್ದರೆ ಸೈಕಲ್ ಕೈಯಿಂದ ಕಿತ್ತುಕೊಂಡು ಹೊರಡುತ್ತದೆ. ಹೆಬ್ಬೆರಳಿನ ಥ್ರಾಟಲಿನಲ್ಲಿ ಆ ಅಪಾಯ ಕಡಿಮೆ.

ಗುಂಡಿಗಳ ಪಟ್ಟಿ ಒಳಗೆ ಹೋದದ್ದರಿಂದ ತೊಂದರೆಯಿಲ್ಲವೇ ಎಂದು ಕೇಳಬಹುದು. ಮೋಟಾರಿನ ಸಹಾಯದ ಮಟ್ಟ ಏರಿಸುವುದಕ್ಕೆ, ಇಳಿಸುವುದಕ್ಕೆ ಕೈ ಕ್ಷಣಹೊತ್ತು ಸರಿದರೆ ಅಡ್ಡಿಯಿಲ್ಲ. ಬ್ರೇಕ್ ಹಿಡಿಯುವಾಗ ಯಾರೂ ಆ ಗುಂಡಿ ಒತ್ತುವುದಿಲ್ಲ. ಆದರೆ ನಡೆಸಿಕೊಂಡು ಹೋಗುವಾಗ ಮೋಟಾರ್ ಮೆಲ್ಲಗೆ ತಳ್ಳಿಕೊಡುವ ವಾಕ್ ಮೋಡ್ ಇರುತ್ತದಲ್ಲ, ಹೆಚ್ಚಿನ ಡಿಸ್‌ಪ್ಲೇಗಳಲ್ಲಿ ಅದಕ್ಕೆ ಮೈನಸ್ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಸೈಕಲಿನ ಎಡಕ್ಕೆ ನಿಂತು, ಏರಿನಲ್ಲಿ ನಡೆಯುತ್ತಾ, ಎಡಗೈಯ ಹೆಬ್ಬೆರಳು ಆ ಗುಂಡಿಯನ್ನು ಬಿಡದೆ ಒತ್ತಿ, ಉಳಿದ ಬೆರಳುಗಳು ಬ್ರೇಕಿನ ಮೇಲೆ ಇರಲು ಸಾಧ್ಯವೇ ಎಂದು ನಿಂತು ನೋಡಿಯೇ ಪಟ್ಟಿಯನ್ನು ಬಿಗಿಯಬೇಕು. ನನಗೆ ಅದನ್ನು ಸ್ವಲ್ಪ ಕೆಳಕ್ಕೆ ಓರೆಯಾಗಿಸಬೇಕಾಯಿತು.

ಬಲಗಡೆ ಕೆಲಸ ಸುಲಭ: ಗ್ರಿಪ್, ಬ್ರೇಕ್, ಗೇರ್ ಶಿಫ್ಟರ್. ಶಿಮಾನೋದ ಐ-ಸ್ಪೆಕ್, ಸ್ರಾಮ್‌ನ ಮ್ಯಾಚ್‌ಮೇಕರ್ ವ್ಯವಸ್ಥೆಗಳಲ್ಲಿ ಬ್ರೇಕೂ ಶಿಫ್ಟರೂ ಒಂದೇ ಕ್ಲಾಂಪನ್ನು ಹಂಚಿಕೊಳ್ಳುತ್ತವೆ, ಒಂದು ಕ್ಲಾಂಪಿನ ಜಾಗ ಉಳಿಯುತ್ತದೆ. ನಿಮ್ಮ ಬಿಡಿಭಾಗಗಳು ಅದಕ್ಕೆ ಹೊಂದುವಂತಿದ್ದರೆ ಖಂಡಿತ ಮಾಡಿಕೊಳ್ಳಿ. ನನ್ನ ಲಿವರ್‌ಗಳು ಹೊಂದುವುದಿಲ್ಲ.

ಎಕ್ಸ್‌ಟೆಂಡರ್ ಬಾರಿಗೆ ಬರುತ್ತೇನೆ. ಸ್ಟೆಮ್ಮಿನ ಪಕ್ಕ ಕ್ಲಾಂಪ್ ಮಾಡಿ, ಮುಂದಕ್ಕೋ ಮೇಲಕ್ಕೋ ಚಾಚಿಕೊಂಡು, ಇನ್ನೊಂದು ಪುಟ್ಟ ಅಡ್ಡಕೊಳವೆಯನ್ನು ಕೊಡುವ ಸಾಧನ ಅದು. ಮೊದಲು ತಂದದ್ದು ಒಂಟಿ ಕಾಲಿನದು, ಪ್ಲಾಸ್ಟಿಕ್ ಕ್ಲಾಂಪಿನದು. ದೀಪವನ್ನೂ ಮೊಬೈಲನ್ನೂ ಹೊತ್ತ ಮೇಲೆ ಪ್ರತಿ ಕುಲುಕಿಗೂ ಸ್ವಲ್ಪ ಸ್ವಲ್ಪವೇ ತಲೆಬಾಗಿಸುತ್ತಾ ಹೋಯಿತು. ದೀಪ ರಸ್ತೆಯನ್ನು ಬಿಟ್ಟು ಮುಂಚಕ್ರವನ್ನು ಬೆಳಗತೊಡಗಿತು. ತಿರುಪನ್ನು ಇನ್ನಷ್ಟು ಬಿಗಿದರೆ ಪ್ಲಾಸ್ಟಿಕ್ ಕಿವಿ ಬಿರುಕು ಬಿಟ್ಟಿತು. ಅದನ್ನು ಯಾರಿಗೂ ಶಿಫಾರಸು ಮಾಡಲಾರೆ.

ಈಗಿರುವುದು ಸ್ಟೆಮ್ಮಿನ ಎರಡೂ ಬದಿಗೆ ಕಾಲೂರುವ ಅಲ್ಯೂಮಿನಿಯಂ ಬಾರ್. ಎರಡು ಕ್ಲಾಂಪ್, ಒಂದೊಂದಕ್ಕೂ ಎರಡೆರಡು ತಿರುಪು, ಒಳಗೆ ತೆಳುವಾದ ರಬ್ಬರ್ ಪಟ್ಟಿ. ಭಾರ ಎರಡು ಕಡೆ ಹಂಚಿಹೋಗುವುದರಿಂದ ಇದು ತಿರುಗುವುದಿಲ್ಲ, ಅಲುಗುವುದಿಲ್ಲ. ಕೂರಿಸುವಾಗ ನಾಲ್ಕು ತಿರುಪುಗಳನ್ನೂ ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಬಂದರೆ ಎರಡೂ ಬದಿಯ ಸಂದು ಸಮನಾಗಿ ಉಳಿಯುತ್ತದೆ. ಒಂದನ್ನೇ ಪೂರ್ತಿ ಬಿಗಿದರೆ ರಬ್ಬರ್ ಪಟ್ಟಿ ಪಕ್ಕಕ್ಕೆ ಹಿಂಡಿಕೊಂಡು ಹೊರಗೆ ನಾಲಿಗೆ ಚಾಚುತ್ತದೆ. ನನ್ನ ಮಟ್ಟಿಗೆ ಈ ಸಾಧನ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಅದರ ಮೇಲೆ ಏನಿಡಬೇಕು ಎನ್ನುವುದೇ ಮುಖ್ಯ. ಹಗುರವಾದದ್ದು, ಸವಾರಿಯ ನಡುವೆ ಕೈಯಿಂದ ಮುಟ್ಟಬೇಕಿಲ್ಲದ್ದು ಮಾತ್ರ ಅಲ್ಲಿಗೆ. ಬೆಲ್ ಅಲ್ಲಿಗೆ ಹೋಗಬಾರದು. ಮಗು ಅಡ್ಡ ಬಂದಾಗ ಕೈ ಚಾಚಿ ಹುಡುಕಬೇಕಾದ ಬೆಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾಗ್ ಕಂಪನಿಯ ‘ಓಯ್’ ಎಂಬ ಬೆಲ್ ಬಾರಿನ ಸುತ್ತ ಬಳೆಯಂತೆ ಕೂರುತ್ತದೆ, ಎದ್ದು ನಿಲ್ಲುವುದಿಲ್ಲ. ಬಲಗಡೆ ಶಿಫ್ಟರಿನ ಪಕ್ಕದಲ್ಲಿ ಹೆಬ್ಬೆರಳಿಗೆ ಎಟಕುವಂತೆ ಅದನ್ನು ಸೇರಿಸಿದ್ದೇನೆ. ನಾದ ಚೆನ್ನಾಗಿದೆ, ಗದ್ದಲದ ರಸ್ತೆಗೆ ಮಾತ್ರ ಸ್ವಲ್ಪ ಮೆದು.

ಎಕ್ಸ್‌ಟೆಂಡರ್ ಕೂರಿಸುವಾಗ ಡಿಸ್‌ಪ್ಲೇಯನ್ನು ಮರೆಮಾಡದಂತೆ ನೋಡಿಕೊಳ್ಳಿ. ಹಾಗೆಯೇ ಸ್ಟೆಮ್ಮಿನ ಮುಂಭಾಗದ ನಾಲ್ಕು ತಿರುಪುಗಳನ್ನು ಈ ಕೆಲಸಕ್ಕಾಗಿ ಸಡಿಲಿಸುವ ಅಗತ್ಯವಿಲ್ಲ. ಸಡಿಲಿಸಿದ್ದೇ ಆದರೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲದೆ ಮತ್ತೆ ಬಿಗಿಯಬೇಡಿ. ಸ್ಟೆಮ್ಮಿನ ಮೇಲೆಯೇ ಅಂಕಿ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 5 ಅಥವಾ 6 ನ್ಯೂಟನ್ ಮೀಟರ್. ಕಾರ್ಬನ್ ಬಾರ್ ಇದ್ದರಂತೂ ತಯಾರಕರು ಅನುಮತಿಸಿದ ಜಾಗ ಬಿಟ್ಟು ಬೇರೆಲ್ಲೂ ಕ್ಲಾಂಪ್ ಬಿಗಿಯಲೇಬಾರದು.

ಮೊಬೈಲಿನ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಜನ ಮೊದಲು ಕೊಳ್ಳುವುದೇ ಅದರ ಹೋಲ್ಡರನ್ನು. 2021ರಲ್ಲಿ ಆಪಲ್ ಕಂಪನಿ ತನ್ನ ಗ್ರಾಹಕರಿಗೆ ಒಂದು ಎಚ್ಚರಿಕೆ ಕೊಟ್ಟಿತು: ಶಕ್ತಿಶಾಲಿ ಮೋಟಾರ್‌ಸೈಕಲ್ ಎಂಜಿನ್ನುಗಳ ಕಂಪನ ಹ್ಯಾಂಡಲ್‌ಬಾರಿನ ಮೂಲಕ ಫೋನನ್ನು ತಲುಪಿದರೆ ಕ್ಯಾಮೆರಾದಲ್ಲಿ ಚಿತ್ರ ಅಲುಗದಂತೆ ಹಿಡಿಯುವ ವ್ಯವಸ್ಥೆ ಹಾಳಾಗಬಹುದು ಎಂದು. ಮೊಪೆಡ್, ಸ್ಕೂಟರ್‌ಗಳಿಗೂ ಕಂಪನ ಹೀರುವ ಹೋಲ್ಡರ್ ಬಳಸಿ ಎಂದು ಅದೇ ಸೂಚನೆಯಲ್ಲಿತ್ತು. ಇ-ಬೈಕಿನ ಮೋಟಾರ್ ಅಷ್ಟೊಂದು ನಡುಗಿಸುವುದಿಲ್ಲ, ನಿಜ. ಆದರೆ ರಸ್ತೆ ನಡುಗಿಸುತ್ತದೆ. ಸಸ್ಪೆನ್ಶನ್ ಇಲ್ಲದ ಫೋರ್ಕ್ (ಮುಂಚಕ್ರ ಹಿಡಿಯುವ ಕವಲು), ಗಟ್ಟಿ ಟೈರು, ಮೇಲೆ ಚಾಚಿದ ಎಕ್ಸ್‌ಟೆಂಡರ್ ಇದ್ದರೆ ಕುಲುಕು ಇಮ್ಮಡಿಯಾಗಿ ಫೋನಿಗೆ ಮುಟ್ಟುತ್ತದೆ. ಎಕ್ಸ್‌ಟೆಂಡರಿನ ತುದಿಯಲ್ಲಿ ಮೊಬೈಲ್ ಇಡುವುದನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ.

ನಾಲ್ಕು ಮೂಲೆಯನ್ನು ರಬ್ಬರ್ ಬಲೆಯಿಂದ ಹಿಡಿಯುವ ಅಗ್ಗದ ಹೋಲ್ಡರ್ ಪಕ್ಕದ ಗುಂಡಿಯನ್ನು ಒತ್ತಿಬಿಡುತ್ತದೆ, ಪರದೆ ಆರುತ್ತದೆ. ಸ್ಪ್ರಿಂಗಿನ ದವಡೆಯದು ಹಿಡಿಯುತ್ತದೆ, ಆದರೆ ತೆಗೆಯಲು ಎರಡು ಕೈ ಬೇಕು. ಕೊನೆಗೆ ನಾನು ಉಳಿಸಿಕೊಂಡದ್ದು ಕವಚದ ಬೆನ್ನಿಗೆ ಗಟ್ಟಿ ಚಡಿ ಇದ್ದು, ತಿರುಗಿಸಿದರೆ ಕಚ್ಚಿಕೊಳ್ಳುವ ಜಾತಿಯದು. ಕ್ವಾಡ್ ಲಾಕ್‌ನವರು ಹೆಸರಾದದ್ದು ಇದೇ ಬಗೆಯಿಂದ, ಗಾರ್ಮಿನ್ ತನ್ನ ಸೈಕಲ್ ಕಂಪ್ಯೂಟರ್‌ಗಳಿಗೆ ಬಳಸುವುದೂ ಕಾಲು ಸುತ್ತಿನ ಇಂಥದ್ದೇ ಹಿಡಿ. ಮಧ್ಯೆ ಸಿಲಿಕೋನಿನ ಕಂಪನ ಹೀರುವ ತುಂಡು ಸೇರಿಸಿ, ಬಾರಿನ ದಪ್ಪ ನಡುಭಾಗಕ್ಕೆ, ಸ್ಟೆಮ್ಮಿನ ಮಗ್ಗುಲಿಗೇ ಬಿಗಿದಿದ್ದೇನೆ. ಒಂದು ಕೈಯಲ್ಲಿ ಒತ್ತಿ ತಿರುಗಿಸಿದರೆ ಫೋನ್ ಜೇಬಿಗೆ. ಕಡಿದಾದ ಇಳಿಜಾರಿನಲ್ಲೂ ಕಳಚಿಲ್ಲ.

ಬರಿಯ ಅಯಸ್ಕಾಂತದಿಂದ ಹಿಡಿಯುವ ಹೋಲ್ಡರ್‌ಗಳನ್ನು ನಾನು ಬಳಸುವುದಿಲ್ಲ. ಬಿದ್ದುಹೋಗಬಹುದು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಇ-ಬೈಕಿಗೇ ವಿಶೇಷವಾದದ್ದು. ಬ್ರೇಕ್ ಹಿಡಿದ ಕೂಡಲೇ ಮೋಟಾರನ್ನು ಆರಿಸುವ ಸಂವೇದಕ ಅನೇಕ ಸೈಕಲ್‌ಗಳಲ್ಲಿ ಅಯಸ್ಕಾಂತದಿಂದಲೇ ಕೆಲಸ ಮಾಡುತ್ತದೆ. ಲಿವರಿನ ಮೇಲೊಂದು ಪುಟ್ಟ ಅಯಸ್ಕಾಂತ, ಎದುರಿಗೆ ಅದನ್ನು ಗ್ರಹಿಸುವ ತುಂಡು. ಅಕ್ಕಪಕ್ಕದಲ್ಲಿ ಇನ್ನೊಂದು ಬಲವಾದ ಅಯಸ್ಕಾಂತ ತಂದಿಟ್ಟು ಅದನ್ನು ಗೊಂದಲಕ್ಕೆ ಕೆಡವುವುದು ಬೇಡ. ಪೆಡಲ್ ತಿರುಗುವಿಕೆಯನ್ನಷ್ಟೇ ನೋಡಿ ಓಡುವ, ಚಕ್ರದ ನಡುವೆಯೇ ಕೂರುವ ಹಬ್ ಮೋಟಾರ್‌ಗಳು ಪೆಡಲ್ ನಿಂತ ಮೇಲೂ ಒಂದು ಕ್ಷಣ ತಳ್ಳುತ್ತಲೇ ಇರುತ್ತವೆ, ಅಲ್ಲಿ ಈ ಸಂವೇದಕವೇ ಆಧಾರ. ಲಿವರನ್ನು ಸರಿಸಿದ ಮೇಲೆ ಹಿಂಚಕ್ರ ಎತ್ತಿ ನಿಲ್ಲಿಸಿ, ಥ್ರಾಟಲ್ ಲಘುವಾಗಿ ಒತ್ತಿ, ಬ್ರೇಕ್ ಲಿವರನ್ನು ಚಕ್ರ ಹಿಡಿಯುವ ಮುನ್ನದ ಮಟ್ಟಕ್ಕೆ ಮಾತ್ರ ಎಳೆದು ನೋಡಿ. ಅಷ್ಟಕ್ಕೇ ಮೋಟಾರಿನ ಸದ್ದು ನಿಲ್ಲಬೇಕು. ಎಡ, ಬಲ ಎರಡನ್ನೂ ನೋಡಬೇಕು.

ಡಿಸ್‌ಪ್ಲೇಯ ಯುಎಸ್‌ಬಿ ಕಿಂಡಿಯಿಂದ ಫೋನ್ ಚಾರ್ಜ್ ಮಾಡುವ ಆಸೆಯನ್ನು ಹೆಚ್ಚು ಇಟ್ಟುಕೊಳ್ಳಬೇಡಿ. ನನ್ನದು ನಕ್ಷೆ ತೆರೆದಿಟ್ಟರೆ ಇರುವಷ್ಟನ್ನು ಕಾಯ್ದುಕೊಳ್ಳುತ್ತದೆ, ಏರಿಸುವುದಿಲ್ಲ.

ಕೇಬಲ್‌ಗಳು. ನಿಜವಾದ ಅಂದ ಬರುವುದು ಇಲ್ಲಿಂದ, ಜನ ಹಾಳು ಮಾಡುವುದೂ ಇಲ್ಲೇ. ಮುಂದೆ ಎರಡು ಬ್ರೇಕ್ ಕೇಬಲ್, ಒಂದು ಗೇರಿನದು, ಐದಾರು ತಂತಿ ತೂಗಾಡುತ್ತಿದ್ದರೆ ನೋಡಲು ಕೆಟ್ಟದಾಗಿರುತ್ತದೆ, ಹಾಗಾಗಿ ಎಳೆದು ಬಿಗಿದು ಕಟ್ಟಿಬಿಡೋಣ ಎನ್ನಿಸುತ್ತದೆ. ಹಾಗೆ ಕಟ್ಟುವ ಮೊದಲು ಹ್ಯಾಂಡಲನ್ನು ಎರಡೂ ತುದಿಗಳವರೆಗೆ ಪೂರ್ತಿ ತಿರುಗಿಸಿ ನೋಡಿ. ಎಡಕ್ಕೆ ತಿರುಗಿದಾಗ ಬಲಗಡೆಯದಕ್ಕೆ ಎಷ್ಟು ಉದ್ದ ಬೇಕೋ ಅಷ್ಟು ಸಡಿಲು ಬಿಡಬೇಕು. ನಾನು ಮೂರು ವಿಧದ ಹೊದಿಕೆ ಹಾಕಿ ನೋಡಿದ್ದೇನೆ. ಜಿಪ್ಪಿನಂತೆ ಮುಚ್ಚುವ ಬಟ್ಟೆಯದು ಒಣಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಹೆಣೆದ ಕೊಳವೆ ಅಂದವಾಗಿದೆ, ಆದರೆ ಒಂದು ತಂತಿ ಕೆಟ್ಟರೆ ಎಲ್ಲವನ್ನೂ ಬಿಚ್ಚಬೇಕು. ಪ್ಲಾಸ್ಟಿಕ್ ಸುರುಳಿಯದೇ ಉತ್ತಮ: ಯಾವ ತಂತಿ ಎಲ್ಲಿ ಹೊರಗೆ ಬರಬೇಕೋ ಅಲ್ಲಿ ಎರಡು ಸುತ್ತಿನ ನಡುವಿನಿಂದ ಹೊರಗೆ ಎಳೆದುಕೊಳ್ಳಬಹುದು, ಮುಂದಿನ ಸುತ್ತಿನಿಂದ ಉಳಿದವನ್ನು ಒಟ್ಟು ಹಿಡಿಯಬಹುದು. ಎಂಟರಿಂದ ಹತ್ತು ಮಿಲಿಮೀಟರ್ ಒಳಅಗಲದ್ದು ನನಗೆ ಸಾಕಾಯಿತು.

ಕನೆಕ್ಟರ್‌ಗಳನ್ನು ಬಿಚ್ಚುವ ಮುನ್ನ ಬ್ಯಾಟರಿಯನ್ನು ಆರಿಸಿ, ಸಾಧ್ಯವಿದ್ದರೆ ಹೊರಗೇ ತೆಗೆದಿಡಿ. ಬಣ್ಣಬಣ್ಣದ ಆ ಉರುಟು ಜಲನಿರೋಧಕ ಕನೆಕ್ಟರ್‌ಗಳ ಮೈಮೇಲೆ ಪುಟ್ಟ ಬಾಣದ ಗುರುತುಗಳಿರುತ್ತವೆ. ಬಾಣಕ್ಕೆ ಬಾಣ ಎದುರಾಗಿಸಿ ನೇರವಾಗಿ ತಳ್ಳಬೇಕು, ನೇರವಾಗಿಯೇ ಎಳೆಯಬೇಕು. ತಿರುಚಿದರೆ ಒಳಗಿನ ಕೂದಲೆಳೆಯಂಥ ಪಿನ್ನುಗಳು ಬಾಗಿಹೋಗುತ್ತವೆ. ಜೋಡಿಸಿದ ಮೇಲೆ ತಂತಿಯನ್ನು ಕನೆಕ್ಟರಿಗಿಂತ ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆ ತನ್ನಿ. ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರಿನ ಒಳಗೆ ಹರಿಯುವುದಿಲ್ಲ. ಜಿಪ್ ಟೈಗಳನ್ನು ಬ್ರೇಕ್ ಕೇಬಲಿನ ಮೇಲೆ ಕೊರಳು ಹಿಸುಕುವಂತೆ ಎಳೆಯಬೇಡಿ, ಮತ್ತು ತುದಿಯನ್ನು ಸಮತಟ್ಟಾಗಿ ಕತ್ತರಿಸುವ ಕಟ್ಟರಿನಿಂದಲೇ ಕತ್ತರಿಸಿ. ಓರೆಯಾಗಿ ಕತ್ತರಿಸಿದ ತುದಿ ಬೆರಳನ್ನು ಸೀಳುವಷ್ಟು ಹರಿತ.

ಗ್ರಿಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರ್ಗಾನ್‌ನವರ ಅಂಗೈ ಊರಲು ರೆಕ್ಕೆಯಂಥ ಚಾಚು ಇರುವ ಮಾದರಿ ಹಾಕಿಕೊಂಡ ಮೇಲೆ ಕಿರುಬೆರಳಿನ ಜೋಮು ಹೋಯಿತು. ಥ್ರಾಟಲಿಗೆ ಜಾಗ ಬೇಕಿದ್ದರಿಂದ ಎಡಕ್ಕೆ ಗಿಡ್ಡದು, ಬಲಕ್ಕೆ ಉದ್ದದ್ದು ಹಾಕಿದ್ದೇನೆ. ರೆಕ್ಕೆಯ ಓರೆ ಒಂದಿಷ್ಟು ತಪ್ಪಿದರೂ ಮಣಿಕಟ್ಟು ನೋಯುತ್ತದೆ, ಆದ್ದರಿಂದ ಮೊದಲ ಕೆಲವು ಸವಾರಿಗಳಲ್ಲಿ ಅಲೆನ್ ಕೀ ಜೇಬಿನಲ್ಲಿರಲಿ.

ಮುಂದೀಪವನ್ನು ಎಕ್ಸ್‌ಟೆಂಡರಿನ ಮೇಲ್ಭಾಗದಲ್ಲಿಟ್ಟರೆ ಅದರ ಬೆಳಕಿನ ಅಂಚು ಡಿಸ್‌ಪ್ಲೇಯ ಗಾಜಿಗೆ ಬಡಿದು ಕಣ್ಣಿಗೆ ಚುಚ್ಚುತ್ತದೆ. ಅಡಿಗೆ ತಲೆಕೆಳಗಾಗಿ ತೂಗಿಬಿಟ್ಟರೆ ಸರಿಹೋಗುತ್ತದೆ, ದೀಪ ತಲೆಕೆಳಗಾಗಿ ಕೂರಲು ತಕ್ಕದ್ದೇ ಎಂದು ಮಾತ್ರ ನೋಡಿ. ಎದುರಿನವರ ಕಣ್ಣಿಗೆ ಬೀಳದಂತೆ ಬೆಳಕಿನ ಮೇಲಂಚನ್ನು ಕತ್ತರಿಸುವ ದೀಪಗಳಿರುತ್ತವೆ, ಅವನ್ನು ತಿರುಗಿಸಿ ಕೂರಿಸಿದರೆ ಆ ಅಂಚೂ ತಿರುಗಿಬಿಡುತ್ತದೆ. ನನ್ನದು ಅಂಥದ್ದೇ ಆದ್ದರಿಂದ ಅದನ್ನು ಕೆಳಗೆ ಫೋರ್ಕಿನ ತಲೆಗೆ ವರ್ಗಾಯಿಸಿದೆ. ಎಕ್ಸ್‌ಟೆಂಡರಿನ ಮೇಲೆ ಈಗ ಉಳಿದಿರುವುದು ಕೀಲಿಗೊಂಚಲು, ಕೈಗವಸು ಹಿಡಿಸುವಷ್ಟು ಪುಟ್ಟ ಚೀಲ ಒಂದೇ.

ಇನ್ನೂ ಸರಿಹೋಗದ್ದು ಕನ್ನಡಿ. ವಾಹನಗಳು ಹಿಂದಿನಿಂದ ಹಾದುಹೋಗುವ ಬದಿಯಲ್ಲಿ ಬಾರಿನ ತುದಿಯ ಕೊಳವೆಯೊಳಗೆ ರಬ್ಬರ್ ಬಿರಡೆ ಹಿಗ್ಗಿ ಹಿಡಿಯುವ ಜಾತಿಯದನ್ನು ಹಾಕಿದ್ದೇನೆ. ಹಿಡಿತ ಗಟ್ಟಿಯಾಗಿದೆ, ನಿಂತಾಗ ಚಿತ್ರ ಸ್ಪಷ್ಟ. ಮೋಟಾರ್ ತನ್ನ ಪೂರ್ತಿ ಸಹಾಯ ಕೊಡುವ ವೇಗದಲ್ಲಿ ಉದ್ದನೆಯ ತೋಳು ಸಣ್ಣಗೆ ನಡುಗಿ, ಹಿಂದೆ ಬರುತ್ತಿರುವುದು ಕಾರೋ ಲಾರಿಯೋ ತಿಳಿಯದಂತಾಗುತ್ತದೆ. ಬಾಗಿಲ ಸಂದಿನಲ್ಲಿ ಸೈಕಲ್ ಒಳತರುವಾಗ ತಗಲುವುದೂ ಅದೇ. ತೋಳು ಅರ್ಧ ಉದ್ದದ್ದು, ಮಡಚಲು ಬರುವಂಥದ್ದು ಒಂದನ್ನು ತರಿಸಿದ್ದೇನೆ. ಅದು ಬಂದ ಮೇಲೆ ಎಡಗ್ರಿಪ್ಪಿನ ತುದಿಯ ಮುಚ್ಚಳವನ್ನೂ ತೆಗೆದು, ಕನ್ನಡಿಯನ್ನು ಎರಡೂ ಕಡೆ ಹಾಕಿ ನೋಡುವ ಯೋಚನೆಯಿದೆ.